ಓಡುವ ಹುಳವನ್ನು ಕೊಲ್ಲುವ ಮುನ್ನ ಅದರ ಬಾಯಿ ನೋಡಿ

ಪ್ರಶ್ನೆ: ಎರೆ ಹೊಲದಾಗ ಕಡಲಿ ಬಿತ್ತೇವಿ. ಹೆಂಟಿ ಎತ್ತಿದರೆ ಕೆಳಗ ಕರಿ-ಕಂದು ಬಣ್ಣದ, ಇಂಚು ಉದ್ದದ ಹುಳ ಸರಸರ ಓಡತಾವ. ಬಾಯಾಗ ಎರಡು ಕೊಂಡಿ, ಬಾಲಕ್ಕ ಎರಡು ಮುಳ್ಳು. ಇವು ಬೇರು ಕಡಿಯೋ ಹುಳ ಇರಬಹುದೇನ್ರಿ? ಯಾವ ಎಣ್ಣಿ ಹೊಡಿಬೇಕು?
— ರೈತರೊಬ್ಬರು, ಹುನಗುಂದ ತಾಲ್ಲೂಕು

ಉತ್ತರ: ಯಾವ ಎಣ್ಣೆಯನ್ನೂ ಹೊಡೆಯಬೇಡಿ. ನೀವು ಕೊಟ್ಟ ಮೂರು ಗುರುತುಗಳೂ, ಅಂದರೆ ಓಟ, ಬಾಯಿಯ ಕೊಂಡಿ, ಬಾಲದ ಜೋಡಿ ಮುಳ್ಳು, ನೆಲ ಜೀರುಂಡೆಯ ಮರಿಹುಳುವಿಗೆ ಹೊಂದುತ್ತವೆ. ಇದು ನಿಮ್ಮ ಬೆಳೆಯನ್ನು ಮುಟ್ಟುವುದಿಲ್ಲ, ಬೆಳೆ ತಿನ್ನುವ ಕೀಡಿಗಳನ್ನು ಹಿಡಿದು ತಿನ್ನುತ್ತದೆ.

ಬೇರು ಕಡಿಯುವ ಗೊಣ್ಣೆ ಹುಳುವನ್ನು ನೀವು ಕಂಡೇ ಇರುತ್ತೀರಿ. ಬಿಳಿ ಮೈ, ಮೆತ್ತನೆಯ ದೇಹ. ಮಣ್ಣಿನಿಂದ ಹೊರತೆಗೆದರೆ ಸುರುಳಿಯಾಗಿ ಮಲಗಿಬಿಡುತ್ತದೆ, ಓಡುವ ಮಾತೇ ಇಲ್ಲ. ಕಡಲೆಯ ಎಳೆ ಕಾಂಡ ಕತ್ತರಿಸುವ ಕೀಡಿಗಾದರೆ ಎದೆಯ ಆರು ಕಾಲುಗಳ ಜೊತೆಗೆ ಹೊಟ್ಟೆಯ ಕೆಳಗೂ ಮೆತ್ತನೆಯ ಕಾಲುಗಳಿರುತ್ತವೆ, ಬಾಯಿ ನೆಲದ ಕಡೆಗೆ ಬಾಗಿರುತ್ತದೆ. ನೆಲ ಜೀರುಂಡೆಯ ಮರಿಗೆ ಇರುವುದು ಎದೆಯ ಆರು ಕಾಲು ಮಾತ್ರ. ತಲೆ ಚಪ್ಪಟೆ, ಬಾಯಿ ನೇರ ಮುಂದಕ್ಕೆ ಚಾಚಿರುತ್ತದೆ. ಬೇಟೆಯ ಬೆನ್ನು ಹತ್ತುವ ಪ್ರಾಣಿಗೆ ಬಾಯಿ ಮುಂದೆಯೇ ಇರಬೇಕಲ್ಲ.

ಆ ಕೊಂಡಿಗಳು ಅದರ ದವಡೆಗಳು. ಕುಡಗೋಲಿನಂತೆ ಬಾಗಿರುತ್ತವೆ, ಒಳಬದಿಯಲ್ಲಿ ಒಂದು ಹಲ್ಲು ಎದ್ದು ನಿಂತಿರುತ್ತದೆ. ಹಿಡಿದ ಕೀಡಿ ಜಾರದಂತೆ ನೋಡಿಕೊಳ್ಳುವುದು ಆ ಹಲ್ಲು. ಇದು ಬೇಟೆಯನ್ನು ಅಗಿದು ನುಂಗುವುದಿಲ್ಲ. ದವಡೆಯಲ್ಲಿ ಕಚ್ಚಿ ಹಿಡಿದು, ಜೀರ್ಣರಸವನ್ನು ಅದರ ಮೇಲೆ ಬಿಟ್ಟು, ಮಾಂಸ ಕರಗಿದ ಮೇಲೆ ಹೀರುತ್ತದೆ. ಬಾಯಿಯ ದ್ವಾರದಲ್ಲಿ ದಟ್ಟವಾಗಿ ಬೆಳೆದ ಕೂದಲು ಗಟ್ಟಿ ಚೂರುಗಳನ್ನು ಹೊರಗೇ ತಡೆಯುತ್ತದೆ. ಬೇರು ಕಡಿಯಲು ಬೇಕಾದ ಬಾಯಿಯೇ ಇದಲ್ಲ. ನೆಲ ಜೀರುಂಡೆಗಳಲ್ಲಿ ಬೀಜ ತಿನ್ನುವ ಕೆಲವು ಬಗೆಗಳೂ ಇವೆ. ಅವುಗಳ ಮರಿಗಳ ದವಡೆ ಗಿಡ್ಡ, ದಪ್ಪ. ಅವು ಕಳೆಗಳ ಬೀಜವನ್ನೂ ತಿನ್ನುತ್ತವೆ.

ಗೋವಿನಜೋಳ ಬೆಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 2018ರಲ್ಲಿ ನಮ್ಮ ರಾಜ್ಯದಲ್ಲೇ, ಶಿವಮೊಗ್ಗದ ಕಡೆ, ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾದ ಫಾಲ್ ಸೈನಿಕ ಹುಳು ಕೋಶವಾಗುವುದು ಮಣ್ಣಿನೊಳಗೆ. ಸುಳಿಗೆ ಹೊಡೆದ ಔಷಧ ಅಲ್ಲಿಗೆ ತಲುಪುವುದಿಲ್ಲ. ಮಣ್ಣಿನ ಬಿರುಕಿನೊಳಗೆ ನುಗ್ಗಿ ಹುಡುಕಬಲ್ಲದ್ದು ಈ ಚಪ್ಪಟೆ ಮೈಯ ಬೇಟೆಗಾರ.

ಹುನಗುಂದದ ಸೀಮೆಯ ರೈತರು ಮಳೆ ನೀರು ಹಿಡಿಯಲು ತಲೆಮಾರುಗಳಿಂದ ಒಡ್ಡು ಹಾಕುತ್ತ ಬಂದವರು. ಆ ಒಡ್ಡಿನ ಮೇಲಿನ ಹುಲ್ಲನ್ನು ಪೂರ್ತಿ ಸುಡಬೇಡಿ, ಅಲ್ಲಿ ಕಳೆನಾಶಕ ಹೊಡೆಯಬೇಡಿ. ಹೊಲ ಹರಗಿದಾಗ ಈ ಜೀರುಂಡೆಗಳಿಗೆ ಉಳಿಯುವ ನೆಲೆ ಅದೊಂದೇ. ಇಂಗ್ಲೆಂಡಿನಲ್ಲಿ ಇದೇ ಉದ್ದೇಶಕ್ಕೆ ಹೊಲದ ನಡುವೆ ಹೊಸದಾಗಿ ಹುಲ್ಲಿನ ದಿಬ್ಬ ಕಟ್ಟುತ್ತಾರೆ. ನಿಮಗೆ ಅದು ಹಿರಿಯರಿಂದಲೇ ಬಂದಿದೆ.

ಪ್ರಶ್ನೆ: ಬಾದಾಮಿ ಗುಡ್ಡದ ಬದಿಯ ಗಟ್ಟಿ ಕೆಮ್ಮಣ್ಣಿನಲ್ಲಿ ಪೆನ್ಸಿಲ್ ಗಾತ್ರದ ದುಂಡು ತೂತುಗಳಿವೆ. ಮಕ್ಕಳು ಹುಲ್ಲುಕಡ್ಡಿ ಇಳಿಬಿಟ್ಟು ಗೂನು ಬೆನ್ನಿನ ಹುಳ ಹೊರಗೆಳೆಯುತ್ತಾರೆ. ಇದೂ ನೆಲ ಜೀರುಂಡೆಯೇ? ಹುಳವೊಂದನ್ನು ವಿಜ್ಞಾನದ ರೀತಿಯಲ್ಲಿ ವರ್ಣಿಸಲು ಮಕ್ಕಳಿಗೆ ಹೇಗೆ ಕಲಿಸಲಿ?
— ಪ್ರೌಢಶಾಲಾ ಶಿಕ್ಷಕಿ, ಬಾದಾಮಿ

ಉತ್ತರ: ಅದು ಹುಲಿ ಜೀರುಂಡೆಯ ಮರಿ, ನೆಲ ಜೀರುಂಡೆಗಳ ತೀರ ಹತ್ತಿರದ ನಂಟು. ಒಂದೇ ಕುಟುಂಬವೆನ್ನುವವರೂ ಇದ್ದಾರೆ, ಬೇರೆ ಎನ್ನುವವರೂ ಇದ್ದಾರೆ. ಓಡಿ ಬೇಟೆಯಾಡುವುದನ್ನು ಬಿಟ್ಟು ಕಾದು ಕೂತು ಹಿಡಿಯತೊಡಗಿದರೆ ದೇಹ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ತಲೆ ಮತ್ತು ಎದೆಯ ಮೊದಲ ಭಾಗ ಸೇರಿ ತೂತಿನ ಬಾಯಿಯನ್ನು ಸರಿಯಾಗಿ ಮುಚ್ಚುತ್ತವೆ. ಹೊಟ್ಟೆಯ ಐದನೆಯ ಖಂಡದ ಮೇಲೆ ಗೂನು, ಗೂನಿನ ಮೇಲೆ ಕೊಕ್ಕೆಗಳು. ದೊಡ್ಡ ಬೇಟೆ ಎಳೆದಾಡಿದರೂ ಹುಳ ಹೊರಬರದಂತೆ ಆ ಕೊಕ್ಕೆಗಳು ಬಿಲದ ಗೋಡೆಗೆ ಕಚ್ಚಿಕೊಳ್ಳುತ್ತವೆ. ಬಾಲದ ಜೋಡಿ ಮುಳ್ಳು ಇದಕ್ಕೆ ಇಲ್ಲ. ನೋಡಿದ ಮೇಲೆ ಅದನ್ನು ಅದೇ ತೂತಿಗೆ ಬಿಡಲು ಮಕ್ಕಳಿಗೆ ಹೇಳಿ.

ವರ್ಣನೆ ತಲೆಯಿಂದ ಬಾಲಕ್ಕೆ ಸಾಗಲಿ, ಬಣ್ಣ ಕೊನೆಗಿರಲಿ. ಪೊರೆ ಬಿಟ್ಟ ಹೊಸದರಲ್ಲಿ ಎಲ್ಲ ಮರಿಗಳೂ ಬಿಳಿಚಿಕೊಂಡಿರುತ್ತವೆ, ಬಣ್ಣವನ್ನು ನಂಬಿದರೆ ಮೋಸ ಹೋಗುತ್ತೀರಿ. ನೆಲ ಜೀರುಂಡೆಯ ಮರಿಯ ತಲೆಯ ಪ್ರತಿ ಬದಿಯಲ್ಲೂ ಸಾಮಾನ್ಯವಾಗಿ ಆರು ಚಿಕ್ಕ ಕಣ್ಣುಗಳು, ನಾಲ್ಕು ಗಿಣ್ಣಿನ ಕುಡಿಮೀಸೆ. ಮೇಲ್ದುಟಿ ಬೇರೆಯಾಗಿ ಕಾಣುವುದಿಲ್ಲ. ಅದು ತಲೆಯ ಮುಂಭಾಗಕ್ಕೆ ಬೆಸೆದು ಹಲ್ಲುಹಲ್ಲಾದ ಅಂಚಾಗಿರುತ್ತದೆ, ಆ ಅಂಚಿನ ಆಕಾರ ಜಾತಿ ಗುರುತಿಸಲು ಬಹಳ ಮುಖ್ಯ. ಎದೆಗೆ ಮೂರು ಖಂಡ, ಹೊಟ್ಟೆಗೆ ಹತ್ತು. ಒಂಬತ್ತನೆಯದರ ಬೆನ್ನಿನಿಂದ ಜೋಡಿ ಮುಳ್ಳು ಹೊರಡುತ್ತದೆ. ಹತ್ತನೆಯದು ಕೊಳವೆಯಂತಿದ್ದು, ನಡೆಯುವಾಗ ನೆಲಕ್ಕೆ ಒತ್ತಿಕೊಂಡು ಆಸರೆಯಾಗುತ್ತದೆ.

ಕಾಲನ್ನು ಮಾತ್ರ ಭೂತಗನ್ನಡಿಯಲ್ಲೇ ನೋಡಬೇಕು. ಹೋಲುವ ಇನ್ನೊಂದು ಗುಂಪಿನ, ಅಂದರೆ ಗಿಡ್ಡ ರೆಕ್ಕೆಯ ಜೀರುಂಡೆಗಳ ಮರಿಗೆ ಕಾಲಿನ ತುದಿಯಲ್ಲಿ ಒಂದೇ ಉಗುರು. ನಿಮ್ಮ ಹುಳಕ್ಕೆ ಎರಡು ಉಗುರಿದ್ದರೆ ಅದು ಆ ಗುಂಪಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಇದ್ದರೆ ಅವಸರ ಬೇಡ, ನೆಲ ಜೀರುಂಡೆಗಳಲ್ಲೂ ಒಂಟಿ ಉಗುರಿನವು ಇವೆ. ಆಗ ಕಾಲಿನ ಭಾಗಗಳನ್ನು ಎಣಿಸಿ: ಉಗುರು ಸೇರಿ ನೆಲ ಜೀರುಂಡೆಯ ಮರಿಗೆ ಆರು, ಗಿಡ್ಡ ರೆಕ್ಕೆಯದರ ಮರಿಗೆ ಐದು.

ಪ್ರಶ್ನೆ: ರಾತ್ರಿ ಕಲ್ಲಿನ ರಾಶಿಯ ಬಳಿ ಹಳದಿ-ಕಪ್ಪು ಜೀರುಂಡೆಯೊಂದನ್ನು ಮುಟ್ಟಿದೆ. ‘ಟಪ್’ ಎಂದಿತು, ಬೆರಳು ಸುಟ್ಟು ಕಂದಾಯಿತು. ಅದರ ಮರಿಯೂ ಹೀಗೇ ಸುಡುತ್ತದೆಯೇ?
— ಓದುಗರು, ಇಳಕಲ್ಲ

ಉತ್ತರ: ಇಲ್ಲ. ಅದು ಬಾಂಬರ್ ಜೀರುಂಡೆ, ನೆಲ ಜೀರುಂಡೆಗಳಲ್ಲೇ ಒಂದು ಬಗೆ. ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಅದರ ಹೊಟ್ಟೆಯ ತುದಿಯ ಕೋಣೆಯಲ್ಲಿ ಕಿಣ್ವಗಳೊಡನೆ ಸೇರಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಿಡಿಯುತ್ತವೆ. ಕೈಯನ್ನು ಸೋಪಿನಿಂದ ತೊಳೆಯಿರಿ, ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಇದೇ ಗುಂಪಿನ ಜೀರುಂಡೆಗಳ ಮರಿಗಳನ್ನು ಜಪಾನ್ ಮತ್ತು ಅಮೆರಿಕದಲ್ಲಿ ಅಭ್ಯಾಸ ಮಾಡಿದ್ದಾರೆ. ನೆಲದಲ್ಲಿ ಸುರಂಗ ತೋಡುವ ಮಿಡತೆ ಜಾತಿಯ ಕೀಟದ ಮೊಟ್ಟೆಗಳೇ ಅವುಗಳ ಆಹಾರ. ಮೊಟ್ಟೆಯೊಡೆದ ಮರಿ ಚುರುಕಾಗಿ ಓಡಿ ಆ ಗೂಡು ಹುಡುಕುತ್ತದೆ. ಊಟ ಸಿಕ್ಕ ಮೇಲೆ ಪೊರೆ ಕಳಚಿದಾಗ ಮೈ ಉಬ್ಬಿ, ಕಾಲು ಗಿಡ್ಡವಾಗಿ, ಬೇರೆ ಹುಳವೇ ಇದು ಎನಿಸುತ್ತದೆ.

ಪ್ರಶ್ನೆ: ದಾಳಿಂಬೆ ತೋಟದಲ್ಲಿ ಸಿಕ್ಕ ನೆಲ ಜೀರುಂಡೆ ಮರಿಗಳ ಜಾತಿ ಪತ್ತೆ ಹೇಗೆ? ಸ್ಪಿರಿಟ್‌ನಲ್ಲಿ ಹಾಕಿದವು ಕಪ್ಪಾಗಿವೆ.
— ಪದವಿ ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಮೊದಲು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ ಶೇ 70–80ರ ಆಲ್ಕೋಹಾಲಿಗೆ ಹಾಕಿ. ಆಗ ಕಪ್ಪಾಗುವುದಿಲ್ಲ. ಜಗತ್ತಿನಲ್ಲಿ ಸುಮಾರು 40,000 ಜಾತಿಯ ನೆಲ ಜೀರುಂಡೆಗಳಿವೆ. ಮರಿಗಳನ್ನು ಕುಲದವರೆಗೆ ಗುರುತಿಸಲು ವಾನ್ ಎಮ್ಡೆನ್ 1942ರಲ್ಲಿ ಕೀಲಿಪಟ್ಟಿ ಕೊಟ್ಟರು. 1984ರಲ್ಲಿ ಬೂಸ್ಕೆ ಮತ್ತು ಗೂಲೆ ಮೈಮೇಲಿನ ಒಂದೊಂದು ಕೂದಲಿಗೂ ರಂಧ್ರಕ್ಕೂ ಸಂಕೇತ ಗೊತ್ತುಮಾಡಿದರು. ನಮ್ಮ ದೇಶದ ಜೀರುಂಡೆಗಳ ಬಗ್ಗೆ ಆಂಡ್ರೂಸ್ ಬರೆದ 1929 ಮತ್ತು 1935ರ ಸಂಪುಟಗಳು ಮುಖ್ಯವಾಗಿ ಬೆಳೆದ ಕೀಟಗಳನ್ನು ಕುರಿತವು.

ಹಾಗಾಗಿ ಖಚಿತ ದಾರಿ ಸಾಕುವುದೇ. ಪರಸ್ಪರ ತಿಂದುಹಾಕುತ್ತವಾದ್ದರಿಂದ ಡಬ್ಬಿಗೊಂದರಂತೆ ತೇವದ ಮಣ್ಣಿನಲ್ಲಿಡಿ, ಕೀಡಿಗಳನ್ನು ಆಹಾರವಾಗಿ ಕೊಡಿ. ಹೆಚ್ಚಿನವು ಮೂರು ಹಂತ ಬೆಳೆದು ಕೋಶವಾಗುತ್ತವೆ. ಕಳಚಿದ ಪೊರೆಯನ್ನು ಎಸೆಯದೆ, ಕೊನೆಗೆ ಹೊರಬಂದ ಜೀರುಂಡೆಯ ಜೊತೆಗೇ ಇಡಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ತಜ್ಞರನ್ನೋ, ನಿಮ್ಮೂರಿನ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರನ್ನೋ ಕೇಳುವಾಗ ಊರು, ಬೆಳೆ, ದಿನಾಂಕ ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕಿರಿ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ.