ಗಿಟಾರಿನ ತಂತಿ ಎತ್ತರವಾದಾಗ

ಹೊಸದಾಗಿ ಗಿಟಾರ್ ಕಲಿಯುವವರಿಗೆ ಮೊದಲ ಕೆಲವು ವಾರಗಳಲ್ಲಿ ಬೆರಳಿನ ತುದಿ ಉರಿಯುವುದು ಸಹಜ. ಚರ್ಮ ಗಡುಸಾದಂತೆ ಆ ನೋವು ಕಡಮೆಯಾಗುತ್ತದೆ. ಆದರೆ ತಿಂಗಳುಗಳು ಕಳೆದರೂ ತಂತಿಯನ್ನೊತ್ತಲು ಕೈಯ ಬಲವೆಲ್ಲ ಬೇಕಾಗುವುದಾದರೆ, ಒತ್ತಿದ ಸ್ವರವೂ ಅಪಶ್ರುತಿಯಾಗಿ ಕೇಳುವುದಾದರೆ, ದೋಷವು ಕಲಿಯುವವರ ಕೈಯಲ್ಲಾಗಲಿ ಕಿವಿಯಲ್ಲಾಗಲಿ ಇರದೆ ವಾದ್ಯದಲ್ಲಿಯೇ ಇರಬಹುದು. ತಮಗೆ ಸಂಗೀತ ಒಲಿಯದೆಂದು ಬಗೆದು ವಾದ್ಯವನ್ನು ಮೂಲೆಗೊರಗಿಸುವ ಮೊದಲು ಒಂದು ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವುದು ಲೇಸು.

ತಂತಿಗೂ ಅದರ ಕೆಳಗಿನ ಮೆಟ್ಟಿಲಿಗೂ ನಡುವೆ ಇರುವ ಅಂತರವನ್ನು ಗಿಟಾರ್ ತಯಾರಕರು ‘ಆ್ಯಕ್ಷನ್’ ಎನ್ನುತ್ತಾರೆ. ನಾವು ಇದನ್ನು ತಂತಿಯ ಎತ್ತರವೆಂದೇ ಕರೆಯೋಣ. ಇದನ್ನು ಅಳೆಯುವುದು 12ನೆಯ ಮೆಟ್ಟಿಲಿನ ಮೇಲೆ. ಅದು ತಂತಿಯ ಸರಿ ನಡುವೆ ಇರುತ್ತದೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರನೆಯ, ಅಂದರೆ ಅತಿ ದಪ್ಪನೆಯ ತಂತಿ ಅಲ್ಲಿ ಸುಮಾರು 2.5 ಮಿ.ಮೀ., ಮೊದಲನೆಯ ತೆಳುತಂತಿ ಸುಮಾರು 1.8 ಮಿ.ಮೀ. ಎತ್ತರದಲ್ಲಿದ್ದರೆ ಹೆಚ್ಚಿನವರ ಕೈಗೆ ಹಿತವಾಗಿರುತ್ತದೆ. ದಪ್ಪ ತಂತಿ ಅಗಲವಾಗಿ ಕಂಪಿಸುವುದರಿಂದ ಅದಕ್ಕೆ ಎಡೆ ಹೆಚ್ಚು ಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಎಳೆತ ಕಡಮೆ, ಕಂಪನದ ಅಗಲ ಹೆಚ್ಚು. ಆದಕಾರಣ ಅಲ್ಲಿ 3ರಿಂದ 4 ಮಿ.ಮೀ. ಕೂಡ ದೋಷವಲ್ಲ. ಮುಂದಿನ ಮಾತೆಲ್ಲ ಉಕ್ಕಿನ ತಂತಿಯದು.

ಎತ್ತರ ಹೆಚ್ಚಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ. ಮೊದಲನೆಯ ತಂತಿ ಸುಮಾರು 0.3 ಮಿ.ಮೀ. ದಪ್ಪದ ಉಕ್ಕು, ನಾದಗೊಡುವ ಉದ್ದ 645 ಮಿ.ಮೀ. ಎಂದಿಟ್ಟುಕೊಳ್ಳೋಣ, ಅದರ ಎಳೆತ ಸುಮಾರು 10.5 ಕಿಲೋಗ್ರಾಂ ತೂಕದಷ್ಟು. ನಡುವೆ 4 ಮಿ.ಮೀ. ಎತ್ತರವಿದ್ದರೆ ತಂತಿಯನ್ನು ಮೆಟ್ಟಿಲಿಗೆ ತಾಗಿಸಲು ಸುಮಾರು 260 ಗ್ರಾಂ ತೂಕದ ಬಲ ಬೇಕು; 2 ಮಿ.ಮೀ. ಇದ್ದರೆ 130 ಗ್ರಾಂ ಸಾಕು. ಎತ್ತರ ಅರ್ಧವಾದರೆ ಬಲವೂ ಅರ್ಧ.

ಶ್ರುತಿಯ ವಿಷಯ ಇದಕ್ಕಿಂತ ಸ್ವಾರಸ್ಯವಾದುದು. ತಂತಿಯನ್ನು ಒತ್ತಿದಾಗ ಅದು ಕೊಂಚ ಹಿಗ್ಗುತ್ತದೆ, ಹಿಗ್ಗಿದಾಗ ಎಳೆತ ಏರುತ್ತದೆ. ಫ್ರಾನ್ಸಿನ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮದಂತೆ ತಂತಿಯ ಕಂಪನಸಂಖ್ಯೆಯು ಎಳೆತದ ವರ್ಗಮೂಲವನ್ನು ಅನುಸರಿಸುತ್ತದೆ. ಆದ್ದರಿಂದ ಸ್ವರವೂ ಏರುತ್ತದೆ. ಪೈಥಾಗೊರಸನ ಪ್ರಮೇಯವನ್ನು ಬಳಸಿದರೆ ಈ ಹಿಗ್ಗು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದು ಕಂಡುಬರುತ್ತದೆ. 4 ಮಿ.ಮೀ. ಎತ್ತರಕ್ಕೆ ತಂತಿ ಹಿಗ್ಗುವುದು 0.05 ಮಿ.ಮೀ. ಮಾತ್ರ. ಅಷ್ಟಕ್ಕೇ ಸ್ವರವು ಸುಮಾರು 9 ಸೆಂಟ್ ಏರುತ್ತದೆ (ಒಂದು ಅರ್ಧಸ್ವರಾಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್). 2 ಮಿ.ಮೀ. ಎತ್ತರಕ್ಕಾದರೋ ಏರಿಕೆ ಎರಡು ಚಿಲ್ಲರೆ ಸೆಂಟ್ ಅಷ್ಟೆ. ಎತ್ತರ ಅರ್ಧವಾದರೆ ಅಪಶ್ರುತಿ ಕಾಲುಭಾಗಕ್ಕೆ ಇಳಿಯಿತು! ಬಿರಡೆಯನ್ನು ಎಷ್ಟು ತಿರುಗಿಸಿದರೂ ಸರಿಹೋಗದ ಅಪಶ್ರುತಿಗೆ ಇದೊಂದು ಮುಖ್ಯ ಕಾರಣ.

ಇನ್ನೊಂದು ಕಡೆ ಅನೇಕರ ಕಣ್ಣು ಹೋಗುವುದೇ ಇಲ್ಲ. ಬಿರಡೆಗಳ ಬದಿಯ ಕೊನೆಯಲ್ಲಿ ತಂತಿಗಳು ಹಾಯುವ ಕಚ್ಚುಗಳಿರುವ ಪಟ್ಟಿಯೊಂದಿದೆ. ಅದಕ್ಕೆ ‘ನಟ್’ ಎಂದು ಹೆಸರು. ಮೊದಲ ಮೆಟ್ಟಿಲು ಇದರಿಂದ 36 ಮಿ.ಮೀ. ದೂರದಲ್ಲಿ ಮಾತ್ರ ಇರುವುದರಿಂದ ಅಲ್ಲಿ ತಂತಿ ಬಹಳ ಬಿರುಸು. ಆ ಮೆಟ್ಟಿಲಿನ ಮೇಲೆ ತಂತಿ ಬರಿಯ 1 ಮಿ.ಮೀ. ಎತ್ತರವಿದ್ದರೂ ಒತ್ತಲು ಬೇಕಾದ ಬಲ 300 ಗ್ರಾಂ ಮೀರುತ್ತದೆ. ನಡುವಿನ 4 ಮಿ.ಮೀ. ಎತ್ತರಕ್ಕಿಂತ ಇದು ಹೆಚ್ಚಿನ ಶಿಕ್ಷೆ. ಒಂದೇ ಬೆರಳಿನಿಂದ ಮೊದಲ ಮೆಟ್ಟಿಲಿನಲ್ಲಿ ಆರೂ ತಂತಿಗಳನ್ನು ಒತ್ತಬೇಕಾದ ‘ಎಫ್’ ಸ್ವರಮೇಳಕ್ಕೆ ವಿದ್ಯಾರ್ಥಿಗಳು ಹೆದರುವುದರಲ್ಲಿ ಆಶ್ಚರ್ಯವೇನು? ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನು ಒತ್ತಿ ಹಿಡಿದು ನೋಡಬೇಕು. ಆಗ ಮೊದಲ ಮೆಟ್ಟಿಲಿನ ಮೇಲೆ ಕೂದಲೆಳೆಯಷ್ಟೇ ಸಂದು ಉಳಿಯಬೇಕು. ಹೆಚ್ಚಿದ್ದರೆ ಕಚ್ಚನ್ನು ಆಳ ಮಾಡಬೇಕು. ಈ ಕೆಲಸವನ್ನು ಮಾತ್ರ ನುರಿತ ಕುಶಲಕರ್ಮಿಗೆ ಬಿಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಕಚ್ಚು ಒಂದೆಳೆ ಆಳವಾದರೂ ತಂತಿ ಮೆಟ್ಟಿಲಿಗೆ ತಗಲಿ ಝೇಂಕರಿಸುತ್ತದೆ.

ಹೊಸದಾಗಿದ್ದಾಗ ಸರಿಯಿದ್ದ ತಂತಿ ಕಾಲಕ್ರಮದಲ್ಲಿ ಏಕೆ ಏರುತ್ತದೆ? ಆರು ತಂತಿಗಳೂ ಸೇರಿ ಸುಮಾರು 70 ಕಿಲೋಗ್ರಾಂ ತೂಕದಷ್ಟು ಎಳೆತವನ್ನು ಹಗಲಿರುಳೂ ಕತ್ತಿನ ಮೇಲೂ ತೆಳುವಾದ ಮೇಲ್ಹಲಗೆಯ ಮೇಲೂ ಹೇರುತ್ತವೆ. ಕತ್ತು ಮುಂದಕ್ಕೆ ಬಾಗುತ್ತದೆ; ಕುದುರೆಯ ಹಿಂದೆ ಹಲಗೆ ಉಬ್ಬುತ್ತದೆ. ನೈಲಾನ್ ತಂತಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿಯನ್ನು ಬಿಗಿದರಂತೂ ಈ ಕೇಡು ಬಲುಬೇಗ ಒದಗುತ್ತದೆ. ಗಾಳಿಯ ತೇವವೂ ತನ್ನ ಪಾಲನ್ನು ಸೇರಿಸುತ್ತದೆ. ಮರವು ತೇವ ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುವುದೇ ಹೊರತು ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಅಂಚುಗಳು ಅಂಟಿನಿಂದ ಬಿಗಿಯಾಗಿರುವ ಹಲಗೆಗೆ ಮೇಲಕ್ಕೆ ಉಬ್ಬದೆ ಬೇರೆ ದಾರಿಯಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಏರಿದ ತಂತಿ ಬಳ್ಳಾರಿಯ ಬೇಸಗೆಯಲ್ಲಿ ತಾನಾಗಿಯೇ ಇಳಿದೀತು. ಹೀಗಿರಲು ಜಡಿಮಳೆಯ ತಿಂಗಳಲ್ಲಿ ಅರವನ್ನು ಹಿಡಿಯುವುದು ಜಾಣತನವಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 45ರಿಂದ 55ರ ಒಳಗಿರುವಾಗ ಅಳೆಯುವುದು ಉತ್ತಮ.

ಇನ್ನು ಪರಿಹಾರ. ಮೊದಲು ಕತ್ತಿನ ಬಾಗನ್ನು ಪರೀಕ್ಷಿಸಬೇಕು. ಆರನೆಯ ತಂತಿಯನ್ನು ಮೊದಲನೆಯ ಮತ್ತು 14ನೆಯ ಮೆಟ್ಟಿಲುಗಳಲ್ಲಿ ಒತ್ತಿ ಹಿಡಿದರೆ ಅದೇ ಒಂದು ಸರಳರೇಖೆಯಾಗುತ್ತದೆ. ಏಳನೆಯ ಮೆಟ್ಟಿಲಿನ ಬಳಿ ಸುಮಾರು 0.25 ಮಿ.ಮೀ., ಅಂದರೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಕಾಣಬೇಕು. ತಂತಿ ಕಂಪಿಸಲು ಅಷ್ಟು ಬಾಗು ಅಗತ್ಯ. ಹೆಚ್ಚಾಗಿದ್ದರೆ ಕತ್ತಿನೊಳಗಿನ ಉಕ್ಕಿನ ಸರಳನ್ನು ಕೀಲಿಯಿಂದ ಬಿಗಿಮಾಡಬೇಕು. ಹೀಗೆ ತಿರುಗಿಸಬಲ್ಲ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದರು. ಹೆಸರಾಂತ ಮಾರ್ಟಿನ್ ಕಂಪನಿ ಅಂಥದನ್ನು ಅಳವಡಿಸಿಕೊಂಡದ್ದು 1985ರಲ್ಲಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಕೀಲಿ ಬಿಗಿಯಾಗಿ ನಿಂತರೆ ಬಲ ಹಾಕಬಾರದು. ಈ ಸರಳು ಕತ್ತಿನ ಬಾಗನ್ನು ತಿದ್ದುವುದಕ್ಕಾಗಿ ಮಾತ್ರ ಇದೆ; ತಂತಿಯನ್ನು ಇಳಿಸುವ ಸಾಧನವೆಂದು ಅದನ್ನು ತಿರುಗಿಸುತ್ತ ಹೋದವರು ಕತ್ತನ್ನೇ ಕೆಡಿಸಿಕೊಳ್ಳುತ್ತಾರೆ.

ತಂತಿಯನ್ನು ಇಳಿಸುವ ನಿಜವಾದ ಸ್ಥಾನವೆಂದರೆ ಕುದುರೆಯ ಸೀಳಿನಲ್ಲಿ ನಿಂತಿರುವ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ತೆಳುಪಟ್ಟಿ, ‘ಸ್ಯಾಡಲ್’. 12ನೆಯ ಮೆಟ್ಟಿಲು ತಂತಿಯ ನಡುವೆ ಇರುವುದರಿಂದ, ಸಮರೂಪ ತ್ರಿಭುಜಗಳ ನಿಯಮದಂತೆ, ಅಲ್ಲಿ 1 ಮಿ.ಮೀ. ಇಳಿಸಬೇಕಾದರೆ ಸ್ಯಾಡಲನ್ನು 2 ಮಿ.ಮೀ. ತಗ್ಗಿಸಬೇಕು. ತಂತಿಗಳನ್ನು ಸಡಿಲಿಸಿ ಪಟ್ಟಿಯನ್ನು ಹೊರತೆಗೆದು, ತಳದ ಬದಿಯಿಂದ ಅಳೆದು ಸೀಸದ ಕಡ್ಡಿಯಿಂದ ಗೆರೆ ಎಳೆಯಬೇಕು. ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದ ಮೇಲೆ ತಳವನ್ನು ನೆಟ್ಟಗೆ ಹಿಡಿದು ಉಜ್ಜಬೇಕು. ತಳ ಓರೆಯಾದರೆ ಕಂಪನವು ಹಲಗೆಗೆ ಸರಿಯಾಗಿ ಇಳಿಯದು. ತಲೆಯನ್ನು ಉಜ್ಜಿದರೆ ಅದರ ಕಮಾನೂ ಶ್ರುತಿಗಾಗಿ ಕೊಟ್ಟ ಇಳಿಜಾರೂ ಅಳಿದುಹೋಗುತ್ತವೆ. ಗೆರೆಯ ಅರ್ಧದವರೆಗೆ ಮಾತ್ರ ಉಜ್ಜಿ, ತಂತಿಗಳನ್ನು ಶ್ರುತಿಗೆ ತಂದು ಮತ್ತೆ ಅಳೆದು, ಆಮೇಲೆ ಮುಂದುವರಿಯಬೇಕು. ಸಾಧ್ಯವಾದರೆ ಹಳೆಯದನ್ನು ಹಾಗೆಯೇ ಕಾಪಾಡಿ, ಹೊಸ ಮೂಳೆಯ ಪಟ್ಟಿಯೊಂದನ್ನು ತಂದು ಉಜ್ಜುವುದು ಕ್ಷೇಮ.

ಉಜ್ಜಿದ ಬಳಿಕವೂ ಸ್ಯಾಡಲ್ ಕುದುರೆಯ ಮೇಲೆ 2 ಮಿ.ಮೀ.ಯಷ್ಟಾದರೂ ತಲೆಯೆತ್ತಿರಬೇಕು; ಇಲ್ಲವಾದರೆ ತಂತಿ ಅದನ್ನು ಒತ್ತುವ ಕೋನ ಕುಗ್ಗಿ ನಾದ ಮಂಕಾಗುತ್ತದೆ. ಅಷ್ಟು ಉಳಿಯುವಂತಿಲ್ಲದಿದ್ದರೆ ಒಂದು ನೇರ ಪಟ್ಟಿಯನ್ನು ಮೆಟ್ಟಿಲುಗಳ ಮೇಲೆ ಉದ್ದಕ್ಕೆ ಇಟ್ಟು ನೋಡಬೇಕು. ಅದರ ತುದಿ ಕುದುರೆಯ ಮೇಲ್ಭಾಗವನ್ನು ಸವರಿಹೋಗದೆ ಅದಕ್ಕಿಂತ ಕೆಳಗೆ ಡಿಕ್ಕಿ ಹೊಡೆದರೆ ಕತ್ತು ಒಡಲಿಗೆ ಸೇರುವ ಕೋನವೇ ಕೆಟ್ಟಿದೆ ಎಂದರ್ಥ. ಆಗ ಕತ್ತನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಅಗ್ಗದ ವಾದ್ಯವಾದರೆ ಈ ಕೆಲಸದ ಕೂಲಿ ಅದರ ಬೆಲೆಯನ್ನೇ ಮೀರುವುದುಂಟು. ಆದ್ದರಿಂದ ಹಳೆಯ ಗಿಟಾರನ್ನು ಕೊಳ್ಳುವವರು ಈ ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡತಕ್ಕದ್ದು.