ನೊರೆ ಇಳಿಸುವ ಪಾಠ: ಎರಡು ಸಲ ಮಾಡಿದ್ದು

ಎಂಟನೆಯ ತರಗತಿಗೆ ಸಂಶ್ಲೇಷಿತ ಎಳೆಗಳ ಘಟಕ ಮುಗಿದ ಮೇಲೆ ಒಂದು ಪೂರಕ ಪಾಠಕ್ಕೆ ಮಾರ್ಗದರ್ಶಕರು ಒಪ್ಪಿಗೆ ಕೊಟ್ಟರು. ವಿಷಯ ನಾನೇ ಆರಿಸಿಕೊಂಡದ್ದು: ನೇಯದ ಬಟ್ಟೆ, ಅಂದರೆ ನಾನ್‌ವೋವನ್, ತಯಾರಾಗುವಾಗ ಏಳುವ ನೊರೆಯನ್ನು ಹತೋಟಿಯಲ್ಲಿಡುವುದು. ಬಿ.ಎಸ್ಸಿ. ಆದ ಮೇಲೆ ಒಂದು ವರ್ಷ ವೆಟ್ ವೈಪ್ಸ್ ಬಟ್ಟೆ ಮಾಡುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೆ. ಹಾಗಾಗಿ ಈ ಪಾಠ ನನಗೆ ಸುಲಭ ಎಂದುಕೊಂಡಿದ್ದೆ. ಪಾಠಾಭ್ಯಾಸದ ಶಾಲೆ ಮಂಡ್ಯ ಜಿಲ್ಲೆಯ ಹಳ್ಳಿಯದು. ಮೊದಲ ದಿನದ ಪಾಠ ಕೆಟ್ಟಿತು. ಹೇಗೆ ಕೆಟ್ಟಿತು ಎಂಬುದನ್ನು ಬರೆದಿಟ್ಟರೆ ಮುಂದಿನ ತಂಡದವರಿಗೆ ಉಪಯೋಗವಾದೀತು.

ತಪ್ಪು ಪೀಠಿಕೆಯಲ್ಲೇ ಶುರುವಾಯಿತು. ಸಂತೆಗೆ ಒಯ್ಯುವ ಹಸಿರು ಬಣ್ಣದ ನಾನ್‌ವೋವನ್ ಚೀಲವನ್ನು ಎತ್ತಿ ಹಿಡಿದು, "ಇದನ್ನು ಮಾಡುವಾಗ ನೊರೆ ಏಳುತ್ತದೆ" ಎಂದೆ. ಏಳುವುದಿಲ್ಲ. ಆ ಚೀಲದ ಬಟ್ಟೆಗೆ ನೀರೇ ಬೇಕಿಲ್ಲ: ಪಾಲಿಪ್ರೊಪಿಲೀನ್ ಕರಗಿಸಿ, ಸಣ್ಣ ರಂಧ್ರಗಳಿಂದ ಎಳೆ ತೆಗೆದು, ಹಾಸಿನಂತೆ ಹರಡಿ, ಬಿಸಿ ಉರುಳೆಗಳ ನಡುವೆ ಒತ್ತಿ ಅಂಟಿಸುತ್ತಾರೆ. ಗೊತ್ತಿದ್ದೂ ಕೈಗೆ ಸಿಕ್ಕಿದ್ದನ್ನು ಮಾದರಿಯಾಗಿ ತಂದಿದ್ದೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆದರು.

ನಾನು ಕೆಲಸ ಮಾಡಿದ ಬಟ್ಟೆಯ ಬಗೆ ಬೇರೆ. ಅಲ್ಲಿ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಎಳೆಗಳನ್ನು ಬಾಚಿ ತೆಳುವಾಗಿ ಹರಡಿ, ಜಾಲರಿಯ ಮೇಲೆ ಸಾಗಿಸುತ್ತಾ, ಸುಮಾರು 0.1 ಮಿಲಿಮೀಟರ್ ಅಗಲದ ತೂತುಗಳಿಂದ ಅತಿ ಒತ್ತಡದ ನೀರನ್ನು ಸೂಜಿಯಂತೆ ಚಿಮ್ಮಿಸುತ್ತಾರೆ. ಎಳೆಗಳು ಒಂದಕ್ಕೊಂದು ತೊಡರಿ ಬಟ್ಟೆಯಾಗುತ್ತದೆ. ದಾರವೂ ಇಲ್ಲ, ಮಗ್ಗವೂ ಇಲ್ಲ. ಜಾಲರಿಯ ಕೆಳಗಿನಿಂದ ಗಾಳಿಯ ಜೊತೆಗೆ ನೀರನ್ನೂ ಹೀರಿ, ಸೋಸಿ, ಅದೇ ನೀರನ್ನು ಮತ್ತೆ ಬಳಸುತ್ತಾರೆ.

ತೊಂದರೆ ಇರುವುದು ಈ ಮರುಬಳಕೆಯಲ್ಲಿ. ಎಳೆಗಳು ಬಾಚುವ ಯಂತ್ರಕ್ಕೆ ಅಂಟದಿರಲಿ, ಸ್ಥಿರ ವಿದ್ಯುತ್ತು ಹುಟ್ಟದಿರಲಿ ಎಂದು ಎಳೆ ತಯಾರಿಸುವವರು ಅದಕ್ಕೆ ತೆಳುವಾದ ಲೇಪ ಕೊಟ್ಟಿರುತ್ತಾರೆ. ಅದರಲ್ಲಿ ಸಾಬೂನಿನ ಗುಣದ ಪದಾರ್ಥಗಳೂ ಇರುತ್ತವೆ. ನೀರಿನ ಸೂಜಿಗಳು ಆ ಲೇಪವನ್ನು ತೊಳೆದುಬಿಡುತ್ತವೆ. ಸುತ್ತು ಸುತ್ತು ತಿರುಗುವ ನೀರಿನಲ್ಲಿ ಅದು ಶೇಖರವಾಗುತ್ತದೆ. ಮೇಲೆ ಗಾಳಿಯ ಹೀರಾಟ ಬೇರೆ. ತೊಟ್ಟಿ ತುಂಬ ನೊರೆ. ಮಟ್ಟ ತೋರಿಸುವ ಉಪಕರಣ ನೊರೆಯನ್ನೇ ನೀರೆಂದು ಲೆಕ್ಕ ಹಾಕಬಹುದು. ಪಂಪು ನೀರಿನ ಜೊತೆ ಗಾಳಿ ಎಳೆದುಕೊಂಡರೆ ಒತ್ತಡ ಏರಿಳಿಯುತ್ತದೆ, ಬಟ್ಟೆ ಒಂದು ಕಡೆ ಗಟ್ಟಿ, ಒಂದು ಕಡೆ ಜಾಳು.

ಇಷ್ಟನ್ನು ಚಿತ್ರ ಬರೆದು ಹೇಳಿದೆ. ಆಮೇಲೆ ಪ್ರಯೋಗ. ಗಾಜಿನ ಬಾಟಲಿಯಲ್ಲಿ ನೀರು, ಅದಕ್ಕೆ ಪಾತ್ರೆ ತೊಳೆಯುವ ದ್ರಾವಣ, ಕುಲುಕಿದರೆ ನೊರೆ. "ಈಗ ಎಣ್ಣೆ ಹಾಕಿದರೆ ನೊರೆ ಇಳಿಯುತ್ತದೆ ನೋಡಿ" ಎಂದು ಒಂದು ಚಮಚ ಕೊಬ್ಬರಿ ಎಣ್ಣೆ ಸುರಿದು ಕುಲುಕಿದೆ. ನೊರೆ ಹಾಗೇ ನಿಂತಿತ್ತು. ನೀರು ಬೆಳ್ಳಗೆ ಕದಡಿತು, ಅಷ್ಟೆ.

ಆಗ ಮೂರನೆಯ ಬೆಂಚಿನ ಹುಡುಗಿ ಎದ್ದಳು. "ಮಿಸ್, ನಮ್ ಆಲೆಮನೇಲಿ ಕೊಪ್ಪರಿಗೆ ಉಕ್ ಬಂದಾಗ ನಮ್ ತಾತ ಹರಳೆಣ್ಣೆ ಬಿಡ್ತದೆ, ತಕ್ಷಣ ಇಳೀತದೆ."

ನಾನು ಹೇಳಿದ್ದು: "ಅದು ಬೆಲ್ಲದ ವಿಷಯ, ಅದು ಬೇರೆ. ಕೂತ್ಕೊ." ಅವಳು ಕೂತಳು. ಆ ಅವಧಿಯಲ್ಲಿ ಮತ್ತೆ ಬಾಯಿ ಬಿಡಲಿಲ್ಲ, ಅವಳ ಪಕ್ಕದವರೂ ಬಿಡಲಿಲ್ಲ. ಪ್ರಯೋಗ ಸೋತದ್ದಕ್ಕಿಂತ ಈ ಮೌನ ನನ್ನನ್ನು ಹೆಚ್ಚು ಕಾಡಿತು. ಮಾರ್ಗದರ್ಶಕರ ಟಿಪ್ಪಣಿಯಲ್ಲಿ ಒಂದೇ ವಾಕ್ಯ: "ಪಾಠದ ಉತ್ತರ ಕೊಟ್ಟ ವಿದ್ಯಾರ್ಥಿನಿಯನ್ನು ಕೂರಿಸಲಾಯಿತು."

ಅವಳು ಹೇಳಿದ್ದು ಬೇರೆ ವಿಷಯವಲ್ಲ. ನೊರೆಯ ಒಂದೊಂದು ಗುಳ್ಳೆಯ ಗೋಡೆಯೂ ನೀರಿನ ತೆಳು ಪೊರೆ. ಬರೀ ನೀರಿನ ಪೊರೆ ಬೇಗ ಒಡೆಯುತ್ತದೆ. ಸಾಬೂನಿನಂಥ ಅಣುಗಳು ಎರಡೂ ಮೈಗೆ ಕೂತಾಗ ಪೊರೆ ನಿಲ್ಲುತ್ತದೆ. ಕಬ್ಬಿನ ಹಾಲಿನಲ್ಲಿ ಆ ಕೆಲಸವನ್ನು ಪ್ರೋಟೀನಿನಂಥ ಪದಾರ್ಥಗಳು ಮಾಡುತ್ತವೆ. ನೀರಿನಲ್ಲಿ ಕರಗದ ಎಣ್ಣೆಯ ಹನಿ ಪೊರೆಯ ಮೇಲೆ ಹರಡಿದಾಗ ಆ ಜಾಗ ದುರ್ಬಲವಾಗಿ ಒಡೆಯುತ್ತದೆ. ತಾತ ಎಣ್ಣೆ ಬಿಡುವುದು ಉಕ್ಕು ಬಂದಾಗ, ನೊರೆಯ ಮೇಲೆ, ಕೆಲವೇ ಹನಿ. ನಾನು ಚಮಚಗಟ್ಟಲೆ ಸುರಿದು ಕುಲುಕಿದೆ. ದ್ರಾವಣವೂ ಹೆಚ್ಚಾಗಿತ್ತು, ಅದು ಎಣ್ಣೆಯನ್ನೇ ಸಣ್ಣ ಹನಿಗಳಾಗಿ ಒಡೆದು ತನ್ನೊಳಗೆ ಸೇರಿಸಿಕೊಂಡಿತು.

ಮೂರು ದಿನ ಬಿಟ್ಟು ಅದೇ ಪಾಠವನ್ನು ಅದೇ ತರಗತಿಗೆ ಮತ್ತೆ ಮಾಡಿದೆ. ಈ ಸಲ ಚೀಲ ಇಲ್ಲ, ಒಣಗಿಸಿದ ವೆಟ್ ವೈಪ್ ಮಾತ್ರ. ಮೊದಲು ಆ ಹುಡುಗಿಗೆ, "ಅವತ್ತು ನೀನು ಸರಿ ಹೇಳಿದ್ದೆ, ನಾನು ಕೇಳಿಸಿಕೊಳ್ಳಲಿಲ್ಲ. ತಾತ ಹೇಗೆ ಬಿಡ್ತಾರೆ ಹೇಳಮ್ಮ" ಎಂದೆ. ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡೇ ಇದ್ದಳು. ಆಮೇಲೆ ಕೈಯಾಡಿಸಿ ತೋರಿಸಿದಳು: ಸೌಟಿನ ತುದಿಯಿಂದ, ಉಕ್ಕಿನ ನೆತ್ತಿಯ ಮೇಲೆ. ಹೆಚ್ಚು ಬಿದ್ದರೆ ತಾತನಿಗೆ ಕೋಪ ಬರುತ್ತದಂತೆ. ಬೆಲ್ಲಕ್ಕೆ ಎಣ್ಣೆ ವಾಸನೆ ಹಿಡಿಯುತ್ತದಂತೆ.

ಕಾರ್ಖಾನೆಯಲ್ಲೂ ಅದೇ ಭಯ. ಅಲ್ಲಿ ಬಳಸುವ ನೊರೆನಾಶಕಗಳಲ್ಲಿ ಒಂದು ಬಗೆ ಸಿಲಿಕೋನ್ ಎಣ್ಣೆ ಮತ್ತು ಅದರಲ್ಲಿ ಬೆರೆಸಿದ, ನೀರು ಹಿಡಿಯದ ಸಿಲಿಕಾ ಕಣಗಳು. ಕಣಗಳು ಪೊರೆಯನ್ನು ಚುಚ್ಚಿ ಎಣ್ಣೆಗೆ ದಾರಿ ಮಾಡುತ್ತವೆ. ಹೆಚ್ಚಾದರೆ ಎಣ್ಣೆ ಬಟ್ಟೆಯ ಮೇಲೆ ಕೂರುತ್ತದೆ, ಆ ಜಾಗ ನೀರು ಹೀರುವುದಿಲ್ಲ. ಒರೆಸಲೆಂದು ಮಾಡಿದ ಬಟ್ಟೆ ಒದ್ದೆಯೇ ಆಗದಿದ್ದರೆ? ವೈಪ್ ಮೇಲೆ ಒಂದು ಚುಕ್ಕೆ ಎಣ್ಣೆ ಸವರಿ ನೀರು ಹನಿಸಿದೆ. ಹನಿ ಅಲ್ಲೇ ಮಣಿಯಂತೆ ನಿಂತಿತು. ಮಕ್ಕಳಿಗೆ ಇದು ಬಹಳ ಹಿಡಿಸಿತು.

ನೊರೆನಾಶಕಕ್ಕೆ ಬದಲಾಗಿ ಔಷಧಿ ಅಂಗಡಿಯಲ್ಲಿ ಸಿಗುವ, ಹೊಟ್ಟೆಯುಬ್ಬರದ ಸಿಮೆಥಿಕೋನ್ ಹನಿ ತಂದಿದ್ದೆ. ಅದೂ ಇದೇ ಜಾತಿಯ ಸಿಲಿಕೋನ್ ಮತ್ತು ಸಿಲಿಕಾ. ಅರ್ಧ ಲೀಟರ್ ನೀರಿಗೆ ಎರಡೇ ಹನಿ ದ್ರಾವಣ ಹಾಕಿ ಎಬ್ಬಿಸಿದ ನೊರೆ ಕೆಲವು ಹನಿಗೆ ಕಣ್ಣೆದುರೇ ಕುಸಿಯಿತು. ಪಕ್ಕದ ಬಾಟಲಿಗೆ ಹುಡುಗಿ ಮನೆಯಿಂದ ತಂದಿದ್ದ ಹರಳೆಣ್ಣೆ. ಎಣ್ಣೆ ಬಿದ್ದ ಕಡೆ ನೊರೆ ಕುಗ್ಗಿತು, ಕುಲುಕಿದರೆ ಮತ್ತೆ ಎದ್ದಿತು. ಏಕೆ ಎಂದು ಈ ಸಲ ಅವರೇ ಹೇಳಿದರು.

ಆದರೆ ನೊರೆನಾಶಕ ಕೊನೆಯ ಉಪಾಯ. ಇದನ್ನು ತಿಳಿಸಲು ಕಾಫಿ ಸಾಕಾಯಿತು. "ಎತ್ತಿ ಸುರಿದರೆ?" "ನೊರೆ!" "ಲೋಟ ಓರೆ ಮಾಡಿ ಅಂಚಿಗೆ ಬಿಟ್ಟರೆ?" "ಕಡಿಮೆ." ತೊಟ್ಟಿಗೆ ವಾಪಸು ಬರುವ ಕೊಳವೆಯ ಬಾಯಿ ನೀರಿನ ಮಟ್ಟದ ಕೆಳಗಿರಬೇಕು, ಮೇಲಿನಿಂದ ಧುಮುಕಬಾರದು. ನೀರಿಗೆ ತೊಟ್ಟಿಯಲ್ಲಿ ನಿಲ್ಲಲು ಹೊತ್ತು ಕೊಟ್ಟರೆ ಗಾಳಿ ತಾನೇ ಮೇಲೇರಿ ಹೋಗುತ್ತದೆ. ಶೇಖರವಾದ ಲೇಪ ತಗ್ಗಲು ಒಂದಷ್ಟು ನೀರು ಹೊರಬಿಟ್ಟು ಹೊಸದು ತುಂಬಬೇಕು. ಕಡಿಮೆ ನೊರೆ ಬರುವ ಲೇಪದ ಎಳೆ ಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಅಂಟು ಹಾಕಿ ಮಾಡುವ ಕೆಲವು ನೇಯದ ಬಟ್ಟೆಗಳಲ್ಲಿ ಬೇಕೆಂದೇ ಅಂಟನ್ನು ನೊರೆ ಮಾಡಿ ಹಚ್ಚುತ್ತಾರೆ, ನೀರು ಕಡಿಮೆ ಸಾಕು, ಒಣಗಿಸುವ ಖರ್ಚು ಉಳಿಯುತ್ತದೆ ಎಂದೂ ಹೇಳಿದೆ. ಹಿಂದಿನ ಬೆಂಚಿನವನೊಬ್ಬ ತಕ್ಷಣ ಕೇಳಿದ: "ಹಂಗಾದ್ರೆ ನೊರೆ ಒಳ್ಳೇದೋ ಕೆಟ್ಟದ್ದೋ ಮಿಸ್? ಪರೀಕ್ಷೇಲಿ ಏನ್ ಬರೀಬೇಕು?" ನಾನು ಉತ್ತರ ಹುಡುಕುವಷ್ಟರಲ್ಲಿ ಮೂರನೆಯ ಬೆಂಚಿನಿಂದಲೇ ಬಂತು: "ಎಲ್ಲಿ ಎದ್ದದೆ ಅಂತ ಮೊದ್ಲು ಕೇಳ್ಬೇಕು ಕಣೋ."

ಗಂಟೆ ಹೊಡೆಯಿತು. ಕಪ್ಪುಹಲಗೆಯ ಸಾರಾಂಶ ಬರೆಯುವುದು ಎರಡನೆಯ ಸಲವೂ ಉಳಿದುಹೋಯಿತು. ಅದಕ್ಕೆ ಎರಡು ಅಂಕ ಕಡಿತವಾಗಿದೆ.