ಹಾಡುವವರ ಪಕ್ಕ ಕೂತು ಕಲಿ

ತಮ್ಮಾ, ನೀನು ಹೇಳಿದ ನಾರ್ವೆಯ ಪಿಯಾನೊ ವಾದಕ ಲೇಫ್ ಊವೆ ಆಂಡ್ಸ್‌ನೆಸ್ ನುಡಿಸಿದ್ದನ್ನು ನಾನೂ ಕೂತು ಕೇಳಿದೆ. ತುಂಬಿದ ಸಭೆಯಲ್ಲಿ ಹಾಗೆ ಒಬ್ಬನೇ ಕೂತು ನುಡಿಸಬೇಕು ಅನ್ನುವ ನಿನ್ನ ಆಸೆಗೆ ನನ್ನ ತಕರಾರಿಲ್ಲ. ಕೊಪ್ಪಳದ ಹುಡುಗನಿಗೆ ಇಷ್ಟೆಲ್ಲ ಯಾಕೆ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಆಂಡ್ಸ್‌ನೆಸ್ ಅವರೂ ರಾಜಧಾನಿಯಲ್ಲಿ ಹುಟ್ಟಿದವರಲ್ಲ. 1970ರಲ್ಲಿ ಕಾರ್ಮೊಯ್ ಎಂಬ ಸಮುದ್ರದಂಚಿನ ದ್ವೀಪದಲ್ಲಿ ಹುಟ್ಟಿದರು. ತಂದೆ-ತಾಯಿ ಇಬ್ಬರೂ ಸಂಗೀತ ಕಲಿಸುವವರು. ಬರ್ಗೆನ್ನಿನ ಸಂಗೀತ ಶಾಲೆಯಲ್ಲಿ ಯಿರ್ಝಿ ಹ್ಲಿಂಕಾ ಎಂಬ ಚೆಕ್ ಗುರುಗಳ ಕೈಕೆಳಗೆ ತಯಾರಾದರು. 1987ರಲ್ಲಿ ಓಸ್ಲೊದಲ್ಲಿ ಮೊದಲ ಮುಖ್ಯ ಕಛೇರಿ ಕೊಟ್ಟಾಗ ಇನ್ನೂ ಹದಿಹರೆಯ.

ನೀನು ನೋಡಿದ್ದು ಅವರು ಒಬ್ಬರೇ ಕೂತ ಕಛೇರಿ. ನಾನು ನಿನ್ನ ಕಣ್ಣಿಗೆ ಬೀಳಿಸಬೇಕಾದದ್ದು ಬೇರೆಯದು. ಇಷ್ಟು ಹೆಸರು ಮಾಡಿದ ಮೇಲೂ ಅವರು ಹಾಡುವವರಿಗೆ ಸಾಥ್ ಕೊಡುವುದನ್ನು ಬಿಟ್ಟಿಲ್ಲ. ಇಯಾನ್ ಬಾಸ್ಟ್ರಿಜ್ ಎಂಬ ಇಂಗ್ಲಿಷ್ ಗಾಯಕರು ಶೂಬರ್ಟನ ಹಾಡುಗಳನ್ನು ಹಾಡುವಾಗ ಪಕ್ಕದಲ್ಲಿ ಕೂತು ನುಡಿಸಿದ್ದಾರೆ. ರಿಸೋರ್ ಎಂಬ ಸಣ್ಣ ಊರಿನ ಸಂಗೀತೋತ್ಸವವನ್ನು ಹೆಚ್ಚುಕಡಿಮೆ ಎರಡು ದಶಕ ಗೆಳೆಯರೊಂದಿಗೆ ನಡೆಸಿದರು. 2016ರಿಂದ ರೋಸೆಂಡಾಲ್ ಎಂಬ ಹಳ್ಳಿಯಲ್ಲಿ ಇನ್ನೊಂದು ಉತ್ಸವ ಕಟ್ಟಿದ್ದಾರೆ. ನಾಲ್ಕೈದು ವಾದ್ಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವ ಸಂಗೀತ ಅಲ್ಲಿಯದು. ಬೀಥೋವನ್ನನ ಐದು ಪಿಯಾನೊ ಕಾನ್ಸರ್ಟೊಗಳನ್ನು ಹೊತ್ತು ನಾಲ್ಕು ವರ್ಷ 27 ದೇಶ, 108 ಊರು ಸುತ್ತಿದಾಗ ಹಲವು ಕಛೇರಿಗಳಲ್ಲಿ ಕೋಲು ಬೀಸುವ ನಿರ್ದೇಶಕ ಬೇಡ ಅಂದರು. ತಾವೇ ಪಿಯಾನೊ ಮುಂದೆ ಕೂತು ಇಡೀ ವಾದ್ಯವೃಂದವನ್ನು ಕಿವಿಯಿಂದಲೇ ನಡೆಸಿದರು. ಅದೇ ತಿರುಗಾಟದಲ್ಲಿ ಕಿವಿ ಕೇಳದ ಮಕ್ಕಳನ್ನು ವಾದ್ಯಗಳ ನಡುವೆ ಕರೆತಂದು, ನಾದದ ಕಂಪನ ಮೈಗೆ ತಾಗುವಂತೆ ಮಾಡಿದರು. ಇನ್ನೊಬ್ಬರ ಸ್ವರಕ್ಕೆ ಕಿವಿ ಕೊಟ್ಟು ಕೊಟ್ಟು ಹದವಾದ ಬೆರಳು ಅವರದು. ಒಬ್ಬರೇ ಕೂತು ನುಡಿಸುವಾಗ ನಿನ್ನನ್ನು ಹಿಡಿದು ನಿಲ್ಲಿಸಿದ್ದೂ ಅದೇ.

ಇದನ್ನು ತಿಳಿಯಲು ನಾರ್ವೆ ತನಕ ಹೋಗಬೇಕಾಗಿಲ್ಲ. ನಮ್ಮ ರಾಂಭಾವು ಬಿಜಾಪುರೆಯವರ ಪೇಟಿ, ಅಂದರೆ ಹಾರ್ಮೋನಿಯಂ, ಕೇಳು. 1917ರಲ್ಲಿ ಬೆಳಗಾವಿ ಸೀಮೆಯಲ್ಲಿ ಹುಟ್ಟಿ, ಅಣ್ಣಿಗೇರಿ ಮಲ್ಲಯ್ಯನವರಂಥವರಲ್ಲಿ ಕಲಿತು, 2010ರಲ್ಲಿ ತೀರಿಹೋಗುವ ತನಕ ಬೆಳಗಾವಿಯಲ್ಲಿ ಸಾವಿರಾರು ಮಂದಿಗೆ ಕಲಿಸಿದವರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಎಲ್ಲರಿಗೂ ಸಾಥ್ ಕೊಟ್ಟರು. ಈ ನಾಲ್ವರು ಹಾಡುವ ರೀತಿ ನಾಲ್ಕು ದಿಕ್ಕಿನದು. ಮನಸೂರರು ಒಂದು ಆವರ್ತನದೊಳಗೆ ಎಲ್ಲಿ ತಿರುಗುತ್ತಾರೆ ಅಂತ ಊಹಿಸುವುದೇ ಕಷ್ಟ. ಕುಮಾರರು ಸ್ವರವನ್ನು ಹೀಗೆ ತೋರಿಸಿ ಹಾಗೆ ಬಿಟ್ಟುಬಿಡುತ್ತಾರೆ. ಅವರ ಹಿಂದೆ ನೆರಳಂತೆ ನಡೆಯಬೇಕು, ಕಾಲಿಗೆ ಅಡ್ಡ ಬರಬಾರದು, ಅವರು ಉಸಿರು ತೆಗೆದುಕೊಂಡಾಗ ಸಭೆಯನ್ನು ಬರಿದು ಮಾಡಬಾರದು. ಅದೇ ಬಿಜಾಪುರೆಯವರು ಒಬ್ಬರೇ ಪೇಟಿ ನುಡಿಸಲು ಕೂತರೆ, ಪಕ್ಕದಲ್ಲಿ ಯಾರೋ ಹಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಜೀವಮಾನವಿಡೀ ಸಾಥ್ ಮಾಡಿ ಗಳಿಸಿದ ಗುಣ ಅದು. ಸಾಥ್ ಎಂದರೆ ಎರಡನೇ ದರ್ಜೆ ಎಂದು ನಿನಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕು.

ನಿನ್ನ ಮನೆಯಲ್ಲಿರುವ ಕೀಬೋರ್ಡ್ ಒಳ್ಳೆಯದೇ. ಆದರೆ ಅದಕ್ಕೆ ಗಾಳಿ ತುಂಬುವ ಬಾತೆ ಇಲ್ಲ. ಪೇಟಿಯಲ್ಲಿ ಬಲಗೈ ಸ್ವರ ಹುಡುಕಿದರೆ ಎಡಗೈ ಉಸಿರು ತುಂಬುತ್ತದೆ. ಸ್ವರ ಎಲ್ಲಿ ಉಬ್ಬಬೇಕು, ಎಲ್ಲಿ ಕರಗಬೇಕು ಅನ್ನುವುದೆಲ್ಲ ಎಡಗೈಯ ಕೆಲಸ. ಪಿಯಾನೊದ ಕಷ್ಟ ಬೇರೆ. ಸುತ್ತಿಗೆ ತಂತಿಗೆ ಬಡಿದ ಗಳಿಗೆಯಿಂದಲೇ ನಾದ ಸಾಯತೊಡಗುತ್ತದೆ. ಸಾಯುವ ನಾದವನ್ನು ಮುಂದಿನ ನಾದಕ್ಕೆ ಹೇಗೆ ಪೋಣಿಸಿ ಹಾಡಿಸಬೇಕು ಅನ್ನುವುದೇ ಪಿಯಾನೊ ನುಡಿಸುವವರ ಜೀವನದ ಅಭ್ಯಾಸ. ನೀನು ಸಂಜೆ ಕೀಬೋರ್ಡ್ ಮೇಲೆ ಎಷ್ಟು ಬೇಕಾದರೂ ನುಡಿಸು, ಬೆಳಗಿನ ರಿಯಾಜ್ ಮಾತ್ರ ಪೇಟಿ ಮೇಲೇ ಆಗಲಿ. ಷಡ್ಜವೊಂದನ್ನೇ ಹಿಡಿದು, ನಡುಗದಂತೆ, ಕುಗ್ಗದಂತೆ ಬಾತೆ ಹಾಕುವುದನ್ನು ಕಲಿ. ಬೇಸರ ಬರುತ್ತದೆ. ಬಂದ ಮೇಲೂ ಮಾಡು.

ಇನ್ನೊಂದು, ಟ್ರಾನ್ಸ್‌ಪೋಸ್ ಗುಂಡಿ. ಅದನ್ನು ಮುಟ್ಟಬೇಡ. ಒಬ್ಬರು ಬಿಳಿ ಒಂದರಲ್ಲಿ ಹಾಡುತ್ತಾರೆ, ಇನ್ನೊಬ್ಬರಿಗೆ ಕರಿ ನಾಲ್ಕು ಬೇಕು. ಗುಂಡಿ ಒತ್ತಿ ಒಂದೇ ಮನೆಯಲ್ಲಿ ಬೆರಳು ಓಡಿಸಿದರೆ ಆ ಹೊತ್ತಿನ ಕೆಲಸ ಮುಗಿಯುತ್ತದೆ, ಕಿವಿ ಮಾತ್ರ ಬೆಳೆಯುವುದಿಲ್ಲ. ಎಲ್ಲ ಪಟ್ಟಿಯನ್ನೂ ಷಡ್ಜ ಮಾಡಿಕೊಂಡು ಭೂಪ, ಯಮನ್, ಭೈರವ ನುಡಿಸು. ಹಾಡುವವರು ಗಂಟಲು ಕಟ್ಟಿ ನಡುವೆ ಅರ್ಧ ಸ್ವರ ಇಳಿದರೂ ನಿನ್ನ ಕೈ ತಡವರಿಸಬಾರದು.

ಪೇಟಿಯ ಕೊರತೆಯನ್ನೂ ನೀನು ಚೆನ್ನಾಗಿ ತಿಳಿದಿರಬೇಕು. ಕಟ್ಟಿಟ್ಟ ಸ್ವರಗಳಲ್ಲಿ ಮೀಂಡ್ ಬರುವುದಿಲ್ಲ, ಶ್ರುತಿಗಳ ಸೂಕ್ಷ್ಮ ಸಿಗುವುದಿಲ್ಲ ಎಂದು ಆಕಾಶವಾಣಿ 1940ರಿಂದ 1971ರ ತನಕ ಅದನ್ನು ಹೊರಗೇ ಇಟ್ಟಿತ್ತು. ನಮ್ಮ ಧಾರವಾಡ ನಿಲಯ 1950ರಲ್ಲಿ ಶುರುವಾದಾಗಲೂ ಆ ನಿಷೇಧ ಇತ್ತು. ಅವರ ಆಕ್ಷೇಪ ಸುಳ್ಳಲ್ಲ. ದರ್ಬಾರಿಯ ಗಾಂಧಾರ ಪೇಟಿಯ ಯಾವ ಪಟ್ಟಿಯ ಕೆಳಗೂ ಇಲ್ಲ. ಬಲ್ಲವರು ಮಾಡುವುದೇನು ಅಂದರೆ, ಗಾಯಕರು ಆ ಸ್ವರವನ್ನು ಆಂದೋಲನ ಮಾಡುವಾಗ ಪೇಟಿಯನ್ನು ಮೆತ್ತಗೆ ಮಾಡುತ್ತಾರೆ, ಕೆಲವೊಮ್ಮೆ ಬೆರಳನ್ನೇ ಎತ್ತಿಬಿಡುತ್ತಾರೆ. ಎಲ್ಲಿ ನುಡಿಸಬಾರದು ಅನ್ನುವುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ಅದಕ್ಕೇ ಹಾಡುವವರ ಪಕ್ಕ ಕೂಡು ಅಂತ ಮತ್ತೆ ಮತ್ತೆ ಹೇಳುವುದು.

ಎಲ್ಲಿ ಕೂಡಲಿ ಅಂತ ಕೇಳುತ್ತೀ. ಕುಷ್ಟಗಿ, ಯಲಬುರ್ಗಾ ಕಡೆ ಇನ್ನೂ ದೊಡ್ಡಾಟ ಕಟ್ಟುವ ಊರುಗಳಿವೆ, ಪೇಟಿ ಮಾಸ್ತರಿಲ್ಲದೆ ತಾಲೀಮು ನಿಂತುಹೋಗುತ್ತದೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹೇಳುವವರಿದ್ದಾರೆ. ಮಠಗಳಲ್ಲಿ ತತ್ವಪದ ಹಾಡುತ್ತಾ ಬೆಳಗು ಮಾಡುವವರಿದ್ದಾರೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಪಡೆದರು. ತೊಗಲುಗೊಂಬೆಗಳ ಜೊತೆ ಆಕೆ ಹೊತ್ತು ತಂದದ್ದು ರಾಮಾಯಣ, ಮಹಾಭಾರತದ ಹಾಡು-ಮಾತು. ಅಂಥವರ ಹಾಡಿನ ತಿರುವುಗಳು ನಿನ್ನ ಕೀಬೋರ್ಡಿನ ಹನ್ನೆರಡು ಸ್ವರಕ್ಕೆ ಜಗ್ಗುವುದಿಲ್ಲ. ಜಗ್ಗುವುದಿಲ್ಲ ಅಂತ ಬಿಟ್ಟು ಬರಬೇಡ.

ಆಂಡ್ಸ್‌ನೆಸ್ ಅವರ ನಾಡಿನ ಎಡ್ವರ್ಡ್ ಗ್ರೀಗ್ ಇದೇ ಕಷ್ಟವನ್ನು ಎದುರಿಸಿದವನು. ಬರ್ಗೆನ್ನಿನಲ್ಲಿ 1843ರಲ್ಲಿ ಹುಟ್ಟಿ, 1868ರಲ್ಲಿ ಬರೆದ ಒಂದೇ ಪಿಯಾನೊ ಕಾನ್ಸರ್ಟೊದಿಂದ ಲೋಕಕ್ಕೆಲ್ಲ ಪರಿಚಯವಾದ. ಹೆಂಡತಿ ನೀನಾ ಹಾಡುಗಾರ್ತಿ. ಆಕೆಯ ಹಾಡಿಗೆ ಅವನೇ ಪಿಯಾನೊ ಸಾಥ್. ಕನೂಟ್ ಡಾಲೆ ಎಂಬ ಹಳ್ಳಿಯ ಪಿಟೀಲುಗಾರನೊಬ್ಬ, ತನ್ನೊಂದಿಗೆ ಹಳೆಯ ಕುಣಿತದ ಮಟ್ಟುಗಳು ಮಣ್ಣಾಗಬಾರದೆಂದು ಗ್ರೀಗ್‌ಗೆ ಕಾಗದ ಬರೆದ. ಅವನು ನುಡಿಸುತ್ತಿದ್ದ ಹಾರ್ಡಾಂಗರ್ ಪಿಟೀಲು ಅಂದರೆ ಮೇಲೆ ನುಡಿಸುವ ತಂತಿ, ಕೆಳಗೆ ತಾವಾಗಿಯೇ ಮಿಡಿಯುವ ತಂತಿ ಇರುವ ವಾದ್ಯ. ನಮ್ಮ ಸಿತಾರಿನ ತರಬ್ ನೆನಪಿಸಿಕೋ. ಯೋಹಾನ್ ಹಾಲ್ವೋರ್ಸನ್ ಎಂಬ ಪಿಟೀಲು ವಿದ್ವಾಂಸ ಆ ಮುದುಕನ ಮುಂದೆ ಕೂತು ಒಂದೊಂದನ್ನೂ ಬರೆದುಕೊಂಡ. ಗ್ರೀಗ್ ಅವುಗಳಲ್ಲಿ 17 ಮಟ್ಟುಗಳನ್ನು ಪಿಯಾನೊಕ್ಕೆ ಇಳಿಸಿ 1903ರಲ್ಲಿ ಪ್ರಕಟಿಸಿದ. ಪಿಯಾನೊ ಪಿಟೀಲಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಒರಟು ಸ್ವರಗಳ ಡಿಕ್ಕಿ, ಬಿಡದೆ ಮೊಳಗುವ ಆಧಾರ ನಾದ, ಹೆಜ್ಜೆಯ ಒತ್ತು, ಇವೆಲ್ಲ ಪಿಯಾನೊದೊಳಗೆ ಹೊಸದಾಗಿ ಬಂದವು. ಹಳ್ಳಿಯ ಮುದುಕನೊಬ್ಬನ ವಾದ್ಯಕ್ಕೆ ಕಿವಿ ಕೊಟ್ಟದ್ದರಿಂದ ದೇಶದ ಸಂಗೀತವೇ ದೊಡ್ಡದಾಯಿತು. ಈ ಕೆಲಸವನ್ನು ನಮ್ಮ ಸೀಮೆಯಲ್ಲಿ ಮಾಡುವವರು ಬೇಕು, ತಮ್ಮಾ. ನನ್ನ ಆಸೆ ಏನೆಂದು ಬಾಯಿಬಿಟ್ಟೇ ಹೇಳುತ್ತೇನೆ: ಅದು ನೀನಾಗಬೇಕು.

ಗುರು ಎಲ್ಲಿ ಅನ್ನುವ ಚಿಂತೆ ಬೇಡ. ರೈಲು ಹತ್ತಿದರೆ ಗದಗ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರ ತನಕ ನಡೆಸಿದರು. ಅವರಿಗೂ ಕಣ್ಣಿರಲಿಲ್ಲ. ಹಾಡಿಕೆಯ ಜೊತೆ ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲ ಅವರ ಕೈಯಲ್ಲಿ ಮಾತಾಡುತ್ತಿದ್ದವು. ಮಕ್ಕಳ ಅನ್ನಕ್ಕೆಂದು ನಾಟಕ ಕಂಪನಿ ನಡೆಸಿ, ತಾವೇ ನಾಟಕ ಬರೆದರು. ಆಶ್ರಮದಲ್ಲಿ ಕಲಿತವರು ನಮ್ಮ ತಾಲೂಕುಗಳಲ್ಲೂ ಕಲಿಸುತ್ತಿದ್ದಾರೆ. ಮೊದಲು ಅಂಥವರೊಬ್ಬರ ಮುಂದೆ ಕೂತು ಹಾಡುವುದನ್ನು ಕಲಿ. ಹೌದು, ಹಾಡುವುದನ್ನು. ನಿನ್ನ ದನಿ ಹೇಗಾದರೂ ಇರಲಿ, ಬಾಯಲ್ಲಿ ಬಾರದ ಸ್ವರ ಬೆರಳಲ್ಲಿ ಬರುವುದಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಕಟ್ಟು. ಕಾಲೇಜು ಬಿಡಬೇಡ. ಬೆಂಗಳೂರಿಗೆ ಹೋಗುವುದಾದರೆ ಹೋಗು, ಆದರೆ ಒಂದು ಇಡೀ ಹಾಡಿಕೆಗೆ ತಪ್ಪಿಲ್ಲದೆ ಸಾಥ್ ಕೊಡುವಷ್ಟಾದರೂ ಕಲಿತ ಮೇಲೆ ಹೋಗು.

ಗುದ್ನೆಪ್ಪನ ಜಾತ್ರೆಗೆ ಕೂಕನೂರಿನಲ್ಲಿ ನಾಟಕದ ಕಂಪನಿಗಳು ಬಂದಾಗ ಮುಂದಿನ ಸಾಲಿನ ಕುರ್ಚಿ ಹಿಡಿಯಬೇಡ. ಪೇಟಿ ಮಾಸ್ತರರು ಕೂಡುವ ಮೂಲೆ ಹುಡುಕು. ನಟನೊಬ್ಬ ಸಾಲು ಮರೆತಾಗ ಅವರು ಏನು ನುಡಿಸಿ ಅವನನ್ನು ಎತ್ತುತ್ತಾರೆ, ರಂಗಗೀತೆಗೆ ಸ್ವರ ಕೊಡುವ ಮುಂಚೆ ಯಾರ ಮುಖ ನೋಡುತ್ತಾರೆ, ಎಲ್ಲಾ ಗಮನಿಸು. ಆಟ ಮುಗಿದ ಮೇಲೆ ನಮಸ್ಕಾರ ಮಾಡಿ ಪೇಟಿ ಎತ್ತಿಡಲು ಕೈ ಜೋಡಿಸು. ನಾಳೆ ತಾಲೀಮಿಗೆ ಬರಲೇನ್ರೀ ಮಾಸ್ತರ ಅಂತ ಕೇಳು. ಬೇಡ ಅನ್ನುವವರು ನಮ್ಮ ಕಡೆ ಕಡಿಮೆ.